ಓದಿದವಳ ಸಲಹೆ

ಡಿಸೈನ್ ಡಿಗ್ರಿ ಮುಗಿಸಿದ ಭೂಮಿಕಾ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಹುಟ್ಟುಹಬ್ಬದ ಬ್ಯಾನರ್ ಮಾಡುವ ಕೆಲಸದಲ್ಲಿದ್ದಳು. ಅವರ ಬೀದಿಯ ಶಾಂತಪ್ಪ, ಪಿಯುಸಿ ಮುಗಿಸಿದ ಮಗಳನ್ನು ಕರೆದುಕೊಂಡು ಅಂಗಡಿಗೇ ಬಂದಾಗ ಭೂಮಿಕಾಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು.

“ಇವಳೂ ನಿನ್ನ ಹಾಗೇ ಡಿಸೈನ್ ಓದ್ತಾಳಂತೆ ಕಣಮ್ಮ. ವರ್ಷಕ್ಕೆ ನಾಲ್ಕು ಲಕ್ಷ ಅಂತೆ. ಅಷ್ಟು ಸುರಿದರೆ ಒಳ್ಳೇ ಕೆಲಸ ಸಿಗುತ್ತಾ?”

ಹುಡುಗಿ ತಾನು ಬರೆದ ಚಿತ್ರಗಳನ್ನು ಆಸೆಯಿಂದ ಮೇಜಿನ ಮೇಲೆ ಹರಡಿದಳು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಕಾಲೇಜಿನಲ್ಲಿ ತಾನೆಷ್ಟು ಖುಷಿಯಾಗಿದ್ದೆ ಎಂಬುದು ಭೂಮಿಕಾಗೆ ನೆನಪಾಯಿತು. ಅದನ್ನೇ ಹೇಳಲು ಬಾಯಿ ತೆರೆದಳು.

“ನಿನಗೀಗ ಸಂಬಳ ಎಷ್ಟಮ್ಮ?” ಎಂದರು ಶಾಂತಪ್ಪ.

ಅವಳ ಮುಖ ಚಿಕ್ಕದಾಯಿತು. ತನ್ನ ಸೋಲಿಗೆ ಓದನ್ನೇ ಹೊಣೆ ಮಾಡುವುದು ಸುಲಭವೆನಿಸಿತು.

“ದಂಡ ಅಂಕಲ್. ಆ ಡಿಗ್ರಿಗೆ ಬೆಲೆಯೇ ಇಲ್ಲ. ಕಳಿಸಬೇಡಿ.”

ಹುಡುಗಿ ಚಿತ್ರಗಳನ್ನು ಎತ್ತಿಟ್ಟುಕೊಳ್ಳತೊಡಗಿದಳು. ಭೂಮಿಕಾಗೆ ಅವಳ ಮುಖ ನೋಡಲಾಗಲಿಲ್ಲ.

“ಓದಿದವಳೇ ಹೇಳಿದಳಲ್ಲ, ಕೇಳಿಸ್ಕೊಂಡ್ಯಾ?” ಎಂದು ಮಗಳಿಗೆ ಹೇಳಿ, ಶಾಂತಪ್ಪ ನಗುನಗುತ್ತಾ ಫೋನನ್ನು ಕಿವಿಗಿಟ್ಟುಕೊಂಡರು. “ಬೀಗರೇ, ಹುಡುಗಿ ಒಪ್ಪಿದಳು. ಲಗ್ನಕ್ಕೆ ದಿನ ನೋಡಿಸಿ.”