ಮೂವತ್ತು ದಿನದ ಮೌನ

ಮಕ್ಕಳಿಗೆ ಮನೆಯಲ್ಲೇ ಧ್ಯಾನ ಕಲಿಸಬೇಕೆಂದು ಶಾಲೆಯಿಂದ ಸುತ್ತೋಲೆ ಬಂತು. ದಿನಕ್ಕೆ ಹತ್ತು ನಿಮಿಷ ಮಗುವನ್ನು ಮೌನವಾಗಿ ಕೂರಿಸಬೇಕು. ದಿನಕ್ಕೊಂದರಂತೆ ಮೂವತ್ತು ಫೋಟೋ ತಿಂಗಳ ಕೊನೆಗೆ ಒಪ್ಪಿಸಬೇಕು.

ಸುಮ್ಮನೆ ಕೂರುವುದಕ್ಕೆಲ್ಲ ಯಾರಿಗೆ ಪುರುಸೊತ್ತು? ತಾಯಿ ಒಂದು ಭಾನುವಾರ ಮಗಳನ್ನು ಗೋಡೆಯ ಮುಂದೆ ಕೂರಿಸಿದಳು. ಇದ್ದ ಏಳೆಂಟು ಫ್ರಾಕುಗಳನ್ನೇ ತಿರುಗಾಮುರುಗಾ ತೊಡಿಸಿ, ಮೂವತ್ತೂ ಫೋಟೋ ತೆಗೆದು ಮುಗಿಸಿದಳು.

"ಅಮ್ಮಾ, ಧ್ಯಾನ ಯಾವಾಗ ಮಾಡೋದು?"

"ಅಲ್ಲಾಡಬೇಡ. ಮುಖದಲ್ಲಿ ಸ್ವಲ್ಪ ಶಾಂತಿ ಕಾಣ್ಲಿ."

ತಿಂಗಳ ಕೊನೆಗೆ ಟೀಚರ್ ಇಬ್ಬರನ್ನೂ ಕರೆಸಿದರು. ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಮಗುವಿನ ಹಿಂದೆ ಗೋಡೆಯ ಮೇಲಿದ್ದ ಕ್ಯಾಲೆಂಡರಿಗೆ ಬೆರಳಿಟ್ಟರು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಅದು. ಮೂವತ್ತು ಫೋಟೋದಲ್ಲೂ ಮೂರನೇ ತಾರೀಖು.

ತಾಯಿ ಒಂದು ಫೋಟೋ ಎತ್ತಿ ಕಣ್ಣಿನ ಹತ್ತಿರ ಹಿಡಿದಳು.

"ಹಾಳೆ ಹರಿಯೋದು ಮರೆತಿದೀವಿ ಮಿಸ್. ಧ್ಯಾನ ಮಾತ್ರ ಒಂದು ದಿನಾನೂ ತಪ್ಪಿಸಿಲ್ಲ. ಬೇಕಾದ್ರೆ ಇವಳನ್ನೇ ಕೇಳಿ," ಎನ್ನುತ್ತ ಮೇಜಿನ ಕೆಳಗೆ ಮಗಳ ತೊಡೆ ಚಿವುಟಿದಳು.

ಟೀಚರ್ ಮಗುವಿನ ಕಡೆ ಬಾಗಿದರು. "ನಿಜ ಹೇಳು ಪುಟ್ಟಿ. ದಿನಾ ಕೂತಿದ್ಯಾ?"

"ಇಲ್ಲ ಮಿಸ್. ಒಂದೇ ದಿನ. ಅವತ್ತೂ ಧ್ಯಾನ ಮಾಡ್ಲಿಲ್ಲ, ಬರೀ ಬಟ್ಟೆ ಬದಲಾಯಿಸಿದ್ವಿ."

ಟೀಚರ್ ಫೋಟೋಗಳನ್ನು ಒಟ್ಟುಮಾಡಿ ತಾಯಿಯ ಕೈಗೆ ಕೊಟ್ಟರು.

"ನಾಳೆ ಇನ್ಸ್‌ಪೆಕ್ಷನ್ ಇದೆ. ಕ್ಯಾಲೆಂಡರ್ ಇರೋ ಭಾಗ ಕತ್ತರಿಸಿ ತನ್ನಿ, ಅದೇನು ದೊಡ್ಡದಲ್ಲ. ಆದ್ರೆ ಮೇಡಂ, ಮಗೂಗೆ ಮೌನ ನೀವಿನ್ನೂ ಕಲಿಸೇ ಇಲ್ಲ."