ದೊಡ್ಡವ್ವ ಕಳಿಸಿದ ನೆರಳು

ವಿದೇಶದ ನಿಲ್ದಾಣದಲ್ಲಿ ಇಳಿದ ಕೂಡಲೇ ಗಾಬರಿಯಾಗಬೇಡಿ, ನಿಮ್ಮ ನೆರಳು ನೆಲ, ಸಮುದ್ರ ಹಾಯ್ದು ಸ್ವಲ್ಪ ತಡವಾಗಿ ಬರುತ್ತದೆ ಎಂದು ವಿಮಾನದಲ್ಲೇ ಹೇಳಿದ್ದರು. ಇಂದುಮತಿ ಬಿಳಿ ದೀಪಗಳ ಕೆಳಗೆ ಕಾಯುತ್ತ ನಿಂತಳು. ಜೊತೆಗೆ ಬಂದವರೆಲ್ಲ ತಮ್ಮ ನೆರಳುಗಳನ್ನು ಕಾಲಿಗೆ ಸೇರಿಸಿಕೊಂಡು ಹೊರಟುಹೋದರು. ಅವಳದು ಬರಲಿಲ್ಲ. ಸಂಜೆಯೊಳಗೆ ಬಾರದಿದ್ದರೆ ಅವಳನ್ನು ವಾಪಸು ಕಳಿಸುತ್ತಾರೆ. ಅವಳಿಗೆ ಇಲ್ಲಿ ಸಿಕ್ಕಿದ್ದ ನರ್ಸ್ ಕೆಲಸ ಬೇರೆಯವರ ಪಾಲಾಗುತ್ತದೆ.

ರಾಣೆಬೆನ್ನೂರಿನ ಮನೆಗೆ ಫೋನ್ ಮಾಡಿದಳು.

“ಇಲ್ಲೇ ಪಡಸಾಲ್ಯಾಗ ಕುಂತೈತಿ ನೋಡವಾ,” ಎಂದಳು ದೊಡ್ಡವ್ವ. “ಚಾರ್ಜರ್ ಮರ್ತು ಹೊಳ್ಳಿ ಒಳಗ ಬಂದಾಕಿ, ಒಂದೀಟು ಕುಂತು ನೀರು ಕುಡದು ಹೋಗು ಅಂದ್ರ ಕೇಳಿದೇನು? ನಿನ್ನ ನೆರಳಿಗಾದ್ರೂ ಪದ್ಧತಿ ಗೊತ್ತೈತಿ.”

“ಹಂಗಾರ ಅದಕ್ಕ ನೀರು ಕೊಡು!”

“ನೆರಳು ಎಲ್ಲಿಂದ ಕುಡೀತೈತಿ, ಹುಚ್ಚಿ? ನೀನ ಕುಂತು ಕುಡಿ.”

ಇಂದುಮತಿ ಹೊಳೆಯುವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಎಲ್ಲರೂ ನೋಡುತ್ತಿದ್ದಂತೆ ಬಾಟಲಿಯ ನೀರನ್ನು ನಿಧಾನವಾಗಿ ಕುಡಿದಳು.

“ಎದ್ದಿತವಾ, ಹೊಂಟೇಬಿಟ್ಟಿತು!” ಎಂದು ಕೂಗಿದ ದೊಡ್ಡವ್ವ ಫೋನ್ ಇಟ್ಟು ನೆರಳಿನ ಹಿಂದೆ ಓಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ನೆರಳು ಗಾಜಿನ ಬಾಗಿಲಿನ ಸಂದಿಯಿಂದ ನುಸುಳಿ ಬಂದು ಅವಳ ಕಾಲಿಗೆ ಸೇರಿತು. ಪಾಸ್‌ಪೋರ್ಟ್ ತಪಾಸಣೆಯ ಅಧಿಕಾರಿ ಬಗ್ಗಿ ನೋಡಿದ. ಅವಳ ಕೈ ಖಾಲಿಯಿತ್ತು. ನೆರಳಿನ ಕೈಯಲ್ಲಿ ಮಾತ್ರ ಒಂದು ಗಂಟಿತ್ತು.

“ಏನದು?”

“ರೊಟ್ಟಿ ಬುತ್ತಿ ಇರಬೇಕು, ಸರ್. ನಮ್ಮ ದೊಡ್ಡವ್ವ ಯಾರನ್ನೂ ಬರಿಗೈಲಿ ಕಳಿಸಲ್ಲ.”

ರೊಟ್ಟಿಯ ನೆರಳನ್ನು ಒಳಗೆ ಬಿಡಬಹುದೇ ಎಂದು ಅವನು ಪಕ್ಕದವಳನ್ನು ಕೇಳಿದ. ಆಕೆಗೆ ನಗು ತಡೆಯಲಾಗಲಿಲ್ಲ. ಅವನೂ ನಗುತ್ತಲೇ ಪಾಸ್‌ಪೋರ್ಟಿನ ಮೇಲೆ ಮುದ್ರೆ ಒತ್ತಿದ.