ಹೊಸ್ತಿಲಾಚೆಯ ಬೂಟು

ಫಿನ್‌ಲೆಂಡಿಗೆ ಬಂದು ವಾರವಾದರೂ ಗುರುಸಿದ್ದಪ್ಪನವರು ಧಾರವಾಡದ ರೂಢಿ ಬಿಟ್ಟಿರಲಿಲ್ಲ. ಚಪ್ಪಲಿಯೋ ಬೂಟೋ, ಎಲ್ಲ ಹೊಸ್ತಿಲಾಚೆಯೇ. ಹಿಂದಿನ ರಾತ್ರಿ ಪೆಟ್ಟಿಗೆಯಿಂದ ತಮ್ಮ ಹಳೆಯ ಓಟದ ಬೂಟು ತೆಗೆದು ಅಲ್ಲೇ ಇಟ್ಟಿದ್ದರು. ಬೆಳಿಗ್ಗೆ ನೋಡಿದರೆ ಇಲ್ಲ.

"ಯಾರೋ ಹೊಡಕೊಂಡು ಹೋಗ್ಯಾರ," ಎಂದರು.

"ಇಲ್ಲಿ ಯಾರು ಕದೀತಾರ್ರಿ? ಓಡ್ಲಿಕ್ಕೆ ಹೋಗಿರ್ತಾವ," ಎಂದು ಹೆಂಡತಿ ನೀಲಾಂಬಿಕಾ ಕಾಲೇಜಿಗೆ ಹೊರಟರು. ಅವರ ನೌಕರಿಗಾಗಿಯೇ ಇಬ್ಬರೂ ಇಲ್ಲಿಗೆ ಬಂದದ್ದು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮುದುಕಿ ಐನೋ, ಲೇಸು ಹಿಡಿದು ಕರು ಎಳೆದು ತರುವಂತೆ ಬೂಟುಗಳನ್ನು ತಂದಳು.

"ಒಳಗೆ ಗೂಟಕ್ಕೆ ಕಟ್ಟಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಮೂರು ಬೆಳಗು ಜೊತೆಗೆ ಯಾರೂ ಹೋಗದಿದ್ದರೆ ಬೇರೆ ಕಾಲು ನೋಡಿಕೊಳ್ಳುತ್ತವೆ."

ಗುರುಸಿದ್ದಪ್ಪ ತಮ್ಮ ಬಲ ಮೊಣಕಾಲು ತಟ್ಟಿ ತೋರಿಸಿದರು. "ನಾನು ಓಟ ಬಿಟ್ಟು ಎರಡು ವರ್ಷವಾಯಿತು."

"ಅದನ್ನು ಅವಕ್ಕೆ ಹೇಳಿದ್ದೀರಾ?"

ಬೂಟಿನಡಿ ಒದ್ದೆ ಮರಳು ಮೆತ್ತಿತ್ತು. ಲೇಸಿಗೆ ಪುಟ್ಟದೊಂದು ಕೆಂಪು ಹಣ್ಣು ಸಿಕ್ಕಿಕೊಂಡಿತ್ತು. ಅಂಗಡಿಯ ದಾರಿಯೊಂದನ್ನು ಬಿಟ್ಟರೆ ಗುರುಸಿದ್ದಪ್ಪನವರಿಗೆ ಈ ಊರಿನಲ್ಲಿ ಏನೂ ಗೊತ್ತಿರಲಿಲ್ಲ. ಈ ಮರಳು ಎಲ್ಲಿಯದು?

ಮರುದಿನ ಬೆಳಿಗ್ಗೆ ಅವರು ಬೂಟುಗಳನ್ನು ಬೇಕೆಂದೇ ಹೊರಗಿಟ್ಟು, ಚಪ್ಪಲಿ ಮೆಟ್ಟಿ ಕಾದರು. ಬೂಟುಗಳು ಹೊರಟವು, ಹಿಂದೆ ಇವರು, ಕುಂಟುತ್ತ. ಎರಡನೆಯ ತಿರುವಿನಲ್ಲಿ ಅವು ಕಣ್ಮರೆಯಾದವು.

ಏದುಸಿರು ಬಿಡುತ್ತ ತಿರುವು ದಾಟಿದರೆ, ಎದುರಿಗೆ ದೊಡ್ಡ ಕೆರೆ. ಮರಳಿನ ದಂಡೆಯಲ್ಲಿ ಬೂಟುಗಳು ನಿಂತು ಕಾಯುತ್ತಿದ್ದವು. ಇವರು ಹತ್ತಿರ ಬಂದದ್ದೇ ಮತ್ತೆ ಹೊರಟವು, ಈ ಸಲ ನಿಧಾನವಾಗಿ, ಬಲಗಾಲಿನದು ತುಸು ಕುಂಟುತ್ತ.